ಮನೆಯ ಕತ್ತಿಯೂ ಪೆಟ್ಟಿಗೆಯ ಕಾಗದವೂ

ಮಹಾನವಮಿಯ ದಿವಸ ಆಯುಧಗಳಿಗೆ ಪೂಜೆ ಸಲ್ಲುವುದು ನಮ್ಮ ನಾಡಿನ ಪುರಾತನ ಸಂಪ್ರದಾಯವು. ಮೈಸೂರಿನ ಅರಮನೆಯಲ್ಲಿ ಪಟ್ಟದ ಕತ್ತಿಗೆ ಪೂಜೆಯಾದರೆ, ಒಕ್ಕಲಿಗನ ಮನೆಯಲ್ಲಿ ನೇಗಿಲಿಗೂ, ವರ್ತಕನ ಅಂಗಡಿಯಲ್ಲಿ ತಕ್ಕಡಿಗೂ, ನಮ್ಮ ಮುದ್ರಣಾಲಯದಲ್ಲಿ ಯಂತ್ರಗಳಿಗೂ ಅರಿಸಿನ ಕುಂಕುಮಗಳು ಏರುತ್ತವೆ. ಕೊಡಗಿನವರು ಇದಕ್ಕೂ ಮುಂಚೆಯೇ, ಕೈಲ್‌ಪೋಳ್ದ್ ಹಬ್ಬದಲ್ಲಿ, ಒಡಿಕತ್ತಿ ಪೀಚೆಕತ್ತಿಗಳನ್ನೂ ಕೋವಿಗಳನ್ನೂ ದೀಪದ ಮುಂದಿಟ್ಟು ಪೂಜಿಸುತ್ತಾರೆ. ಆದರೆ ಹಬ್ಬ ಕಳೆದು ಕತ್ತಿಯು ಬಟ್ಟೆಯೊಳಗೆ ಸೇರಿ ಅಟ್ಟವನ್ನೇರಿದ ಮೇಲೆ, ಅದು ಯಾರದು, ಯಾವ ಕಾಲದ್ದು, ಯಾವ ಕುಲುಮೆಯಲ್ಲಿ ಹುಟ್ಟಿತು ಎಂದು ವಿಚಾರಿಸುವವರು ಎಷ್ಟು ಮಂದಿ? ಪೂಜೆಯಲ್ಲಿ ನಾವು ಯಾರಿಗೂ ಹಿಂದಲ್ಲ. ವಿಚಾರದಲ್ಲಿ ಹಿಂದೆ ಬಿದ್ದಿದ್ದೇವೆ. ಈ ಮಾತನ್ನು ಬರೆಯುವುದಕ್ಕೆ ಒಂದು ಕಾರಣ ಒದಗಿದೆ.

ಕಳೆದ ವರ್ಷ ಮಹಾನವಮಿ ಕಳೆದು ಹತ್ತು ಹನ್ನೆರಡು ದಿವಸಗಳಾಗಿದ್ದುವು. ಮಧುಗಿರಿಯ ಕಡೆಯ ವೃದ್ಧ ಗೃಹಸ್ಥರೊಬ್ಬರು ಮೊಮ್ಮಗನೊಡನೆ ನಮ್ಮ ಕಛೇರಿಗೆ ದಯಮಾಡಿಸಿದರು. ಕಂಬಳಿಯಲ್ಲಿ ಸುತ್ತಿ ತಂದಿದ್ದ ಕತ್ತಿಯೊಂದನ್ನು ನಮ್ಮ ಮೇಜಿನ ಮೇಲೆ ಬಿಚ್ಚಿಟ್ಟು, “ಟಿಪ್ಪು ಸುಲ್ತಾನರ ಕತ್ತಿ ಅಂತ ನಮ್ಮ ಮುತ್ತಾತನ ಕಾಲದಿಂದ ಪೂಜೆ ಮಾಡ್ಕೊಂಡು ಬಂದಿದೀವಿ ಸ್ವಾಮಿ” ಎಂದರು. ಮೊಮ್ಮಗನ ವಿದ್ಯಾಭ್ಯಾಸಕ್ಕೆ ಹಣ ಬೇಕಾಗಿತ್ತು. ಹಳೆಯ ವಸ್ತುಗಳ ವ್ಯಾಪಾರಿಯೊಬ್ಬನು ಮನೆಗೆ ಬಂದು ಕತ್ತಿಯನ್ನು ನೋಡಿ, ಹೀಗೆಯೇ ಕೊಟ್ಟರೆ ಇಷ್ಟು, ಅಲಗಿನ ಬೆನ್ನಿನ ಮೇಲಿರುವ ಅಕ್ಷರಗಳನ್ನು ಉಜ್ಜಿ ತೆಗೆದು ಚಿನ್ನದಲ್ಲಿ ಪಾರಸೀ ಅಕ್ಷರಗಳನ್ನು ಕೂಡಿಸಲು ಒಪ್ಪಿದರೆ ಅದರ ಹತ್ತರಷ್ಟು ಎಂದು ಹೇಳಿ ಹೋಗಿದ್ದನಂತೆ. ಪೆಟ್ಟಿಗೆಯಲ್ಲಿದ್ದ ಹಳೆಯ ಕಾಗದಗಳು ಕತ್ತಿಯ ಬೆಲೆಗೆ ಕುಂದೆಂದೂ, ಅವನ್ನು ಒಲೆಗೆ ಹಾಕುವುದು ಮೇಲೆಂದೂ ಬುದ್ಧಿ ಹೇಳಿದ್ದನಂತೆ. ಯಜಮಾನರಿಗೆ ಇದು ಸರಿಬೀಳಲಿಲ್ಲ. “ಪೂಜೆ ಮಾಡಿದ ಕತ್ತೀನ ಉಜ್ಜಬಹುದೇ ಸ್ವಾಮಿ?” ಎಂಬುದೇ ಅವರು ನಮ್ಮನ್ನು ಕೇಳಿದ ಪ್ರಶ್ನೆ.

ಆ ವ್ಯಾಪಾರಿಯ ಆಸೆಗೆ ಕಾರಣವಿಲ್ಲದೆ ಇಲ್ಲ. 2023ನೆಯ ಇಸವಿ ಮೇ ತಿಂಗಳಲ್ಲಿ ಟಿಪ್ಪುವಿನ ಶಯನಾಗಾರದ ಕತ್ತಿಯು ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾದ ವರ್ತಮಾನವನ್ನು ವಾಚಕರು ಓದಿಯೇ ಇದ್ದಾರೆ. ಅದಕ್ಕೆ ಅಷ್ಟು ಬೆಲೆ ಬಂದುದು ಉಕ್ಕಿನಿಂದಲೂ ಚಿನ್ನದಿಂದಲೂ ಮಾತ್ರವಲ್ಲ. 1799ನೆಯ ಇಸವಿ ಮೇ 4ನೆಯ ತಾರೀಖು ಶ್ರೀರಂಗಪಟ್ಟಣದ ಕೋಟೆಯು ಬಿದ್ದಾಗ ಲಗ್ಗೆಯ ಮುಖಂಡನಾಗಿದ್ದವನು ಡೇವಿಡ್ ಬೇರ್ಡ್. ಇವನು ಹಿಂದೆ ಇದೇ ಪಟ್ಟಣದಲ್ಲಿ ವರ್ಷಗಟ್ಟಲೆ ಸೆರೆಯಾಗಿದ್ದವನು. ಇವನ ಪರಾಕ್ರಮಕ್ಕೆ ಗುರುತಾಗಿ ಸೈನ್ಯವು ಆ ಕತ್ತಿಯನ್ನು ಇವನಿಗೆ ಅರ್ಪಿಸಿತು. ಯಾವ ಅರಮನೆಯಿಂದ, ಯಾವ ದಿವಸ, ಯಾರ ಕೈಗೆ ಎಂಬ ಸರಪಣಿಯೇ ಕತ್ತಿಯ ಬೆಲೆ. ಆ ಸರಪಣಿಯ ಒಂದು ಕೊಂಡಿ ಕಳಚಿದರೆ ಉಳಿಯುವುದು ಕಬ್ಬಿಣ ಮಾತ್ರ. ನಮ್ಮ ಊರಿನ ವ್ಯಾಪಾರಿಯಾದರೋ ಕಾಗದವನ್ನು ಸುಟ್ಟು ಹೆಸರನ್ನು ಕೆತ್ತಲು ಹೊರಟವನು!

ಪಶ್ಚಿಮದವರು ನಮ್ಮ ಆಯುಧಗಳನ್ನು ಕೊಂಡೊಯ್ದರೆಂದು ನಾವು ದೂರುತ್ತೇವೆ. ದೂರಲು ಕಾರಣವೂ ಉಂಟು. ಶ್ರೀರಂಗಪಟ್ಟಣದ ಕೊಳ್ಳೆಯು ಹಂಚಿಹೋಗಿ, ಸಿಂಹಾಸನವೇ ತುಂಡುತುಂಡಾಯಿತು. ಅದರ ಮೇಲಿದ್ದ ಹುಮಾ ಪಕ್ಷಿಯು ವಿಂಡ್ಸರಿನ ಅರಮನೆಯನ್ನೂ, ಯಂತ್ರದ ಹುಲಿಯು ಲಂಡನ್ನಿನ ವಸ್ತುಸಂಗ್ರಹಾಲಯವನ್ನೂ ಸೇರಿದುವು. 2019ರಲ್ಲಿ ಸಹ ಕಂಪನಿಯ ಅಧಿಕಾರಿಯೊಬ್ಬನ ವಂಶದವರ ಮನೆಯ ಅಟ್ಟದಲ್ಲಿ, ಹಳೆಯ ವೃತ್ತಪತ್ರಿಕೆಗಳಲ್ಲಿ ಸುತ್ತಿದ್ದ ಮೈಸೂರಿನ ಕತ್ತಿಗಳೂ, ಬೆಳ್ಳಿಯ ಕೆಲಸದ ಬಂದೂಕವೊಂದೂ ಹೊರಬಂದು ಹರಾಜಾದುವು. ಇದೆಲ್ಲ ನಿಜ. ಆದರೆ ಕೊಂಡೊಯ್ದವರು ಒಂದು ಕೆಲಸವನ್ನು ಮಾಡಿದರೆಂಬುದನ್ನು ಒಪ್ಪಬೇಕು, ಅವರು ಬರೆದಿಟ್ಟರು. ಎಗರ್ಟನ್ ಎಂಬಾತನು 1880ರಲ್ಲಿಯೇ ಇಂಡಿಯಾದ ಆಯುಧಗಳ ಸಚಿತ್ರ ಪಟ್ಟಿಯನ್ನು ಅಚ್ಚು ಹಾಕಿಸಿದನು. ವಿಗಿಂಗ್ಟನ್ ಎಂಬ ಸಂಗ್ರಾಹಕನು ಟಿಪ್ಪುವಿನ ಬಂದೂಕಗಳನ್ನೇ ಕುರಿತು 1992ರಲ್ಲಿ ಒಂದು ಪ್ರತ್ಯೇಕ ಗ್ರಂಥವನ್ನು ಪ್ರಕಟಿಸಿದನು. ನಮ್ಮ ಕುಲುಮೆಗಳ ಚರಿತ್ರೆಯನ್ನು ನಾವು ಅವರ ಪುಸ್ತಕಗಳಲ್ಲಿ ಓದಬೇಕಾಗಿರುವುದು ನಮಗೆ ಸಂತೋಷದ ಸಂಗತಿಯಲ್ಲ.

ಇರಲಿ. ಕತ್ತಿಯ ಮೂಲವನ್ನು ಕಂಡುಹಿಡಿಯುವ ಬಗೆ ಹೇಗೆ? ಮೊದಲನೆಯದಾಗಿ, ಹಿಡಿಯೂ ಅಲಗೂ ಒಂದೇ ವಯಸ್ಸಿನವೆಂದು ನಂಬತಕ್ಕದ್ದಲ್ಲ. ಹಿಡಿ ಸವೆದರೆ ಹೊಸ ಹಿಡಿ, ಅಲಗು ಮುರಿದರೆ ಬೇರೆ ಅಲಗು ಹಾಕಿಸುವುದು ಸೈನಿಕರ ವಾಡಿಕೆಯಾಗಿತ್ತು. ದಖ್ಖನದಲ್ಲಿಯೂ ಮರಾಠರಲ್ಲಿಯೂ ಯೂರೋಪಿನ ಅಲಗುಗಳಿಗೆ ಬಹಳ ಗಿರಾಕಿಯಿತ್ತು. ಅಂಥ ಅಲಗಿಗೆ ನಮ್ಮ ದೇಶದ ಹಿಡಿ ಕೂಡಿಸಿದ ಕತ್ತಿಗೆ ಫಿರಂಗಿ ಎಂದೇ ಹೆಸರು. ಹೊರಗಿನ ಆ ಅಲಗುಗಳ ಮೇಲೆ ತೋಳದ ಗುರುತೋ, ಊರಿನ ಹೆಸರೋ ಇರುತ್ತದೆ. ಆ ಗುರುತುಗಳನ್ನು ಕೂಡ ಅನುಕರಿಸುತ್ತಿದ್ದರಾದ್ದರಿಂದ ಗುರುತೊಂದನ್ನೇ ನಂಬುವಂತಿಲ್ಲ. ಇಸ್ಪಹಾನಿನ ಅಸದುಲ್ಲಾ ಎಂಬ ಪ್ರಸಿದ್ಧ ಕಮ್ಮಾರನ ಹೆಸರು ಅವನ ಕೈ ಎಂದೂ ಮುಟ್ಟದ ಎಷ್ಟೋ ಅಲಗುಗಳ ಮೇಲೆ ಇದೆ. ಹೆಸರು ಪ್ರಸಿದ್ಧವಾದಷ್ಟೂ ಸಂಶಯಕ್ಕೆ ಹೆಚ್ಚು ಎಡೆಯುಂಟು.

ಎರಡನೆಯದಾಗಿ, ಇಸವಿಯನ್ನು ಓದುವಾಗ ಎಚ್ಚರ ಬೇಕು. ಟಿಪ್ಪು ತನ್ನ ಆಳ್ವಿಕೆಯ ನಡುವೆ ಹಿಜರಿ ಶಕವನ್ನು ಬದಿಗಿಟ್ಟು ಮೌಲೂದಿ ಎಂಬ ಬೇರೊಂದು ಗಣನೆಯನ್ನು ಜಾರಿಗೆ ತಂದನು. ನಾಣ್ಯಗಳ ಮೇಲೆ ಈ ಶಕದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದತಕ್ಕದ್ದು. 1787ರ ಸುಮಾರಿಗೆ ಮೌಲೂದಿಯ 1215ನೆಯ ವರ್ಷ; ಅವನು ಮಡಿಯುವುದಕ್ಕೆ ಸ್ವಲ್ಪ ಮುಂಚೆ 1226. ಇದನ್ನರಿಯದವನು 1226 ಎಂಬುದನ್ನು ಹಿಜರಿಯೆಂದು ಎಣಿಸಿದರೆ 1811ನೆಯ ಇಸವಿ ಬರುತ್ತದೆ. ಅಂದರೆ ದೊರೆ ಮಡಿದು ಹನ್ನೆರಡು ವರ್ಷಗಳಾದ ಮೇಲೆ ಅವನ ಬಂದೂಕ ತಯಾರಾಯಿತೆಂದಾಗುತ್ತದೆ! ಅಸಲು ವಸ್ತುವನ್ನು ಖೋಟಾ ಎಂದು ತಳ್ಳುವುದಕ್ಕೂ, ಖೋಟಾ ವಸ್ತುವನ್ನು ಅಸಲೆಂದು ಕೊಳ್ಳುವುದಕ್ಕೂ ಇಷ್ಟು ಅಜ್ಞಾನ ಸಾಕು. ಅವನ ಕುಲುಮೆಗಳಿಂದ ಹೊರಟ ಆಯುಧಗಳಲ್ಲಿ ಹುಲಿಯ ತಲೆ, ಹುಲಿಯ ಪಟ್ಟೆಯಂತಹ ಬಬ್ರಿ ಚಿತ್ತಾರ, ಹೈದರನ ಹೆಸರಿನ ಮೊದಲಕ್ಷರ ಮೊದಲಾದುವು ಕಾಣಬರುತ್ತವೆ. ಇವೆಲ್ಲವೂ ಒಂದಕ್ಕೊಂದು ಹೊಂದಿದರೆ ಸಾಕ್ಷಿ. ಒಂದೊಂದಾಗಿ ನಿಂತರೆ ಬರಿಯ ಅಲಂಕಾರ.

ಮೂರನೆಯದು ಲೋಹವು. ನೀರಿನ ಅಲೆಯಂತೆ ಅಲಗಿನ ಮೇಲೆ ಮಿನುಗುವ ರೇಖೆಗಳಿರುವ ಉಕ್ಕಿಗೆ ಇಂಗ್ಲಿಷರು ಊಟ್ಸ್ ಎಂಬ ಹೆಸರನ್ನಿಟ್ಟರು. ಅದು ನಮ್ಮ ‘ಉಕ್ಕು’ ಎಂಬ ಶಬ್ದದಿಂದಲೇ ಬಂದಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಟಿಪ್ಪು ಮಡಿದ ಮರುವರ್ಷ ಮೈಸೂರಿನ ಸೀಮೆಯನ್ನು ಸಂಚರಿಸಿದ ಬುಕಾನನ್ನನು ಇಲ್ಲಿಯ ಕುಲುಮೆಗಳನ್ನು ಕಂಡು ಸವಿಸ್ತಾರವಾಗಿ ವರ್ಣಿಸಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡನ್ನೂ, ತಂಗಡಿಯ ಕಡ್ಡಿ ಮತ್ತು ಹಸಿ ಎಲೆಗಳನ್ನೂ ಇಟ್ಟು, ಬಾಯಿಯನ್ನು ಮೆತ್ತಿ, ತಿದಿಯೂದಿ ಕರಗಿಸುತ್ತಿದ್ದರು. ಹೀಗೆ ಹುಟ್ಟಿದ ಉಕ್ಕನ್ನು ಅನುಕರಿಸಲು ಫ್ಯಾರಡೆಯಂತಹ ವಿಜ್ಞಾನಿಯೇ ಪ್ರಯೋಗಗಳನ್ನು ನಡೆಸಿದನು. ಆ ಬಗೆಯ ಅಲಗನ್ನು ಒಂದು ಸಲ ಉಪ್ಪುಕಾಗದದಿಂದ ತಿಕ್ಕಿದರೆ ಸಾಕು, ರೇಖೆಗಳು ಮಾಯವಾಗುತ್ತವೆ. ಹಬ್ಬಕ್ಕೆ ಥಳಥಳಿಸಲಿ ಎಂದು ನಾವು ಹುಣಿಸೆಹಣ್ಣು ಹಚ್ಚಿ ಉಜ್ಜಿದ ಅಲಗುಗಳಲ್ಲಿ ಇನ್ನೆಷ್ಟು ಸಾಕ್ಷಿಗಳು ಅಳಿಸಿಹೋಗಿವೆಯೋ!

ನಾಲ್ಕನೆಯದನ್ನು ಕಾಣಲು ಯಾವ ವಸ್ತುಸಂಗ್ರಹಾಲಯಕ್ಕೂ ಹೋಗಬೇಕಾಗಿಲ್ಲ. ಊರ ಹೊರಗಿನ ವೀರಗಲ್ಲುಗಳನ್ನು ನೋಡಿರಿ. ಇಂಥ ಶಕವರ್ಷದಲ್ಲಿ ಇಂಥವನು ತುರುಗಳನ್ನು ಮರಳಿಸಿ ಮಡಿದನೆಂದು ಶಾಸನವು ಹೇಳುತ್ತದೆ. ಅವನ ಕೈಯಲ್ಲಿದ್ದ ಕತ್ತಿ, ಗುರಾಣಿ, ಕಟಾರಿಗಳ ಆಕಾರವನ್ನು ಶಿಲ್ಪವು ತೋರಿಸುತ್ತದೆ. ತಾರೀಖಿನೊಡನೆ ಚಿತ್ರವೂ ಇರುವ ಇಂತಹ ಸಾಕ್ಷಿಯು ಎಷ್ಟು ದೇಶಗಳಿಗೆ ಲಭಿಸಿದೆ?

ಈಗ ಮಧುಗಿರಿಯ ಕತ್ತಿಗೆ ಬರೋಣ. ಚರಿತ್ರೆಯಲ್ಲಿ ಪರಿಶ್ರಮವುಳ್ಳ, ಮೋಡಿ ಲಿಪಿಯನ್ನು ಬಲ್ಲ ನಮ್ಮ ಸ್ನೇಹಿತರೊಬ್ಬರನ್ನು ಕರೆಯಿಸಿದೆವು. ಅವರು ಅಲಗನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಿಂದ ನೋಡಿದರು. ಹಿಡಿಯು ನಮ್ಮ ದೇಶದ್ದೇ. ಅಲಗು ಮಾತ್ರ ತುದಿಯಲ್ಲಿ ಅಗಲವಾಗಿ ಬಾಗಿದ, ಇಂಗ್ಲಿಷ್ ಸವಾರರಿಗೆ 1796ರಲ್ಲಿ ಗೊತ್ತುಮಾಡಿದ ಮಾದರಿಯದು. ಬೆನ್ನಿನ ಮೇಲೆ ರುಂಕೆಲ್, ಸೋಲಿಂಗೆನ್ ಎಂಬ ಅಕ್ಷರಗಳು. ರುಂಕೆಲ್ ಎಂಬಾತನು ಜರ್ಮನಿಯ ಸೋಲಿಂಗೆನ್ನಿನ ಅಲಗುಗಳನ್ನು ಲಂಡನ್ನಿಗೆ ತರಿಸುತ್ತಿದ್ದ ವರ್ತಕನು. ಟಿಪ್ಪುವಿನದೆಂದು ಪೂಜೆಗೊಂಡ ಕತ್ತಿಯ ಅಲಗು ಅವನ ಶತ್ರುಗಳ ಸೈನ್ಯಕ್ಕೆಂದು ತಯಾರಾದುದು!

ಯಜಮಾನರ ಮುಖ ಬಾಡಿತು. “ಹಾಗಾದರೆ ಇಷ್ಟು ದಿವಸ ನಾವು ಸುಳ್ಳಿಗೆ ಕೈಮುಗಿದೆವೇ?” ಎಂದರು. ಏನು ಹೇಳಬೇಕೆಂದು ತೋಚದೆ ನಾವು ಪೆಟ್ಟಿಗೆಯ ಕಾಗದಗಳನ್ನು ತರಿಸುವಂತೆ ಕೇಳಿಕೊಂಡೆವು. ಮುಂದಿನ ವಾರ ಮೊಮ್ಮಗನು ಅವನ್ನು ತಂದನು. ಗೆದ್ದಲು ಅಂಚುಗಳನ್ನು ತಿಂದಿದ್ದರೂ ಒಂದು ನಿರೂಪವನ್ನು ಓದಲು ಬರುತ್ತಿತ್ತು. ಮನೆತನದ ಪೂರ್ವಿಕರೊಬ್ಬರು ಮೈಸೂರಿನ ಸಿಲ್ಲೇದಾರ ಕುದುರೆ ಸವಾರರಲ್ಲಿ ಚಾಕರಿ ಮಾಡಿದುದಕ್ಕಾಗಿ ಅವರಿಗೆ ಜಮೀನು ಬಿಟ್ಟುಕೊಟ್ಟ ಸಂಗತಿ ಅದರಲ್ಲಿತ್ತು. ಸಿಲ್ಲೇದಾರನೆಂದರೆ ಸ್ವಂತ ಕುದುರೆಯನ್ನೂ ಸ್ವಂತ ಆಯುಧವನ್ನೂ ತಂದು ಸೇವೆ ಮಾಡುವವನು. 1807ರ ಒಡಂಬಡಿಕೆಯಂತೆ ಮೈಸೂರು ಸಂಸ್ಥಾನವು ಇಂತಹ 4000 ಸವಾರರನ್ನು ಸಿದ್ಧವಾಗಿಟ್ಟಿರಬೇಕಾಗಿತ್ತು. ಪೇಟೆಯಲ್ಲಿ ದೊರೆತ ಹೊರನಾಡಿನ ಅಲಗಿಗೆ ತಮ್ಮ ಕೈಗೊಗ್ಗುವ ಹಿಡಿಯನ್ನು ಹಾಕಿಸಿಕೊಂಡು ಆ ಪೂರ್ವಿಕರು ಕುದುರೆಯೇರಿದರೆಂದು ಊಹಿಸುವುದಕ್ಕೆ ಯಾವ ಅಡ್ಡಿಯೂ ಕಾಣುವುದಿಲ್ಲ.

ಇದನ್ನು ಓದಿ ಹೇಳಿದಾಗ ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಸುಲ್ತಾನರದು ಅಲ್ಲದಿದ್ದರೆ ಬೇಡ ಬಿಡಿ. ನಮ್ಮೋರದೇ ಅಂದ್ರಲ್ಲ, ಅದು ಸಾಕು” ಎಂದು ಕತ್ತಿಯನ್ನು ಕಂಬಳಿಯಲ್ಲಿ ಸುತ್ತಿದರು. ಅವರು ಅದನ್ನು ಮಾರಲಿಲ್ಲ. ಹುಡುಗನ ವಿದ್ಯಾಭ್ಯಾಸಕ್ಕೆ ಹಣದ ತೊಂದರೆ ಇನ್ನೂ ತೀರಿಲ್ಲವೆಂಬುದನ್ನೂ ಮರೆಮಾಚದೆ ಬರೆಯುತ್ತೇವೆ. ಮನೆತನದ ಮರ್ಯಾದೆಯನ್ನು ಕಾಪಾಡುವುದು ಎಲ್ಲರಿಗೂ ಬಿಟ್ಟಿಯಾಗಿ ದೊರೆಯುವ ಸುಖವಲ್ಲ.

ನಮ್ಮ ವಾಚಕ ಮಹಾಶಯರಲ್ಲಿ ಕೆಲವು ವಿಜ್ಞಾಪನೆಗಳಿವೆ. ಮನೆಯಲ್ಲಿ ಹಳೆಯ ಆಯುಧವಿದ್ದರೆ ಅದನ್ನು ಮರಳಿನಿಂದಲಾಗಲಿ ಹುಳಿಯಿಂದಲಾಗಲಿ ಉಜ್ಜಬೇಡಿರಿ. ಒಣಬಟ್ಟೆಯಿಂದ ಒರಸಿ, ತೆಳುವಾಗಿ ಎಣ್ಣೆ ಸವರಿದರೆ ಸಾಕು. ಅದರೊಡನೆ ಬಂದ ಕಾಗದ, ಚೀಟಿ, ಒರೆ, ಪಟ್ಟಿ ಯಾವುದನ್ನೂ ಅಗಲಿಸಬೇಡಿರಿ. ಮನೆಯ ಹಿರಿಯರು ಹೇಳುವ ಕಥೆಯನ್ನು ಅವರು ಹೇಳಿದಂತೆಯೇ, ಹೇಳಿದವರ ಹೆಸರಿನೊಡನೆ, ಇಂದೇ ಬರೆದಿಡಿರಿ. ಕಥೆ ತಪ್ಪಾದರೂ ಅದರ ಬುಡದಲ್ಲಿ ಯಾವುದೋ ಒಂದು ನಿಜವಿರುತ್ತದೆ. ನೂರು ವರ್ಷ ಮೀರಿದ ವಸ್ತುಗಳನ್ನು 1972ರ ಪುರಾತನ ವಸ್ತುಗಳ ಶಾಸನದಂತೆ ಖಾಸಗಿಯವರು ಪರದೇಶಕ್ಕೆ ಸಾಗಿಸುವಂತಿಲ್ಲ. ಅವುಗಳ ವ್ಯಾಪಾರಕ್ಕೂ ಪರವಾನಗಿ ಬೇಕು. ರಾತ್ರಿ ಬಂದು ರೊಕ್ಕ ಎಣಿಸುವ ವ್ಯಾಪಾರಿಯನ್ನು ಆ ಪರವಾನಗಿಯನ್ನು ತೋರಿಸೆಂದು ಕೇಳಿರಿ.

ಸರಕಾರಕ್ಕೂ ಒಂದು ಮಾತು. 2017ರಲ್ಲಿ ರೈಲುಹಾದಿಗೆ ಅಡ್ಡವಾದ ಶ್ರೀರಂಗಪಟ್ಟಣದ ಮದ್ದಿನಮನೆಯನ್ನು ಕೆಡವದೆ ಇಡಿಯಾಗಿ ಸರಿಸಿ ನಿಲ್ಲಿಸಿದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳು ಬಾವಿಯಿಂದ ಆ ಕಾಲದ ಸಾವಿರಕ್ಕೂ ಮಿಕ್ಕ ಕಬ್ಬಿಣದ ರಾಕೆಟ್ಟುಗಳನ್ನು ಹೊರತೆಗೆದರು. ಇವು ಪ್ರಶಂಸೆಗೆ ಪಾತ್ರವಾದ ಕೆಲಸಗಳು. ಬಾವಿಯಲ್ಲಿದ್ದುದನ್ನು ಹುಡುಕಿದಂತೆ ಅಟ್ಟದಲ್ಲಿರುವುದನ್ನೂ ಹುಡುಕಬೇಕು. ತಾಲ್ಲೂಕಿಗೊಬ್ಬ ವಿದ್ವಾಂಸನು ಮನೆಮನೆಗೆ ಹೋಗಿ, ಯಾವುದನ್ನೂ ಕಸಿದುಕೊಳ್ಳದೆ, ಚಿತ್ರ ತೆಗೆದು, ಅಳತೆ ಬರೆದು, ಕಥೆ ಕೇಳಿ, ಕನ್ನಡದಲ್ಲಿ ಒಂದು ಪಟ್ಟಿಯನ್ನು ಅಚ್ಚು ಹಾಕಿಸಿದರೆ ಎಷ್ಟು ಖರ್ಚಾದೀತು? ಹರಾಜಿನಲ್ಲಿ ಒಂದು ಕತ್ತಿಗೆ ತೆರುವ ಹಣದ ಅಲ್ಪಾಂಶವೂ ಆಗಲಾರದು.

ಬರುವ ಮಹಾನವಮಿಗೆ ಕತ್ತಿಯನ್ನು ಅಟ್ಟದಿಂದ ಇಳಿಸುವಾಗ ಪೆಟ್ಟಿಗೆಯ ಕಾಗದಗಳನ್ನೂ ಇಳಿಸಿರಿ. ಕತ್ತಿಗೆ ಹಚ್ಚುವ ಕುಂಕುಮವನ್ನು ಕಾಗದಕ್ಕೆ ಹಚ್ಚಬೇಡಿರಿ, ಅಕ್ಷರಗಳು ಕೆಟ್ಟಾವು. ಅದನ್ನು ಓದಿಸಿರಿ, ಅದೇ ಅದಕ್ಕೆ ಸಲ್ಲತಕ್ಕ ಪೂಜೆ.