ನಾಚಿಕೆಯಲ್ಲಿ ಕಳೆದುಹೋಗುವ ವರ್ಷಗಳು

ಸಹೋದರಿಯರೇ, ಮುರಿದ ಕೈಯ ಪ್ಲಾಸ್ಟರ್ ಬಿಚ್ಚಿದಾಗ ಆ ಕೈ ಇನ್ನೊಂದಕ್ಕಿಂತ ಸೊರಗಿರುವುದನ್ನು ನೀವು ನೋಡಿರಬಹುದು. ಕೆಲಸವಿಲ್ಲದೆ ಸ್ನಾಯುವಿನ ಜೀವಕೋಶಗಳು ಕುಗ್ಗಿರುತ್ತವೆ. ಗರ್ಭಿಣಿಯ ಗರ್ಭಕೋಶದಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ಜೀವಕೋಶಗಳು ಹಿಗ್ಗುತ್ತವೆ, ಹೆರಿಗೆಯ ಬಳಿಕ ಮತ್ತೆ ಕುಗ್ಗುತ್ತವೆ. ಸಂದರ್ಭಕ್ಕೆ ತಕ್ಕಂತೆ ಬದಲಾಗುವ ಗುಣವನ್ನು ಅಲ್ಲಾಹನು ನಮ್ಮ ಶರೀರದಲ್ಲಿ ಇರಿಸಿದ್ದಾನೆ.

ಇದೇ ಬದಲಾವಣೆ ಕೆಲವೊಮ್ಮೆ ದಾರಿ ತಪ್ಪುತ್ತದೆ. ಹಾಗೆ ದಾರಿ ತಪ್ಪುವ ಜಾಗಗಳಲ್ಲಿ ನಾವು ತಿಳಿದಿರಲೇಬೇಕಾದದ್ದು ಗರ್ಭಕಂಠ, ಅಂದರೆ ಗರ್ಭಕೋಶದ ಬಾಯಿ.

ಗರ್ಭಕಂಠದ ಒಳಪದರದ ಜೀವಕೋಶಗಳು ಮೃದು. ಹುಡುಗಿ ಪ್ರಾಯಕ್ಕೆ ಬಂದಾಗ ಅವು ಹೊರಗಿನ ಆಮ್ಲೀಯ ವಾತಾವರಣಕ್ಕೆ ತೆರೆದುಕೊಳ್ಳುತ್ತವೆ. ಆಗ ಅವುಗಳ ಜಾಗದಲ್ಲಿ ಚಪ್ಪಟೆಯಾದ, ಗಟ್ಟಿಯಾದ ಜೀವಕೋಶಗಳು ಪದರ ಪದರವಾಗಿ ಬೆಳೆಯುತ್ತವೆ. ಇದು ರೋಗವಲ್ಲ. ಆದರೆ ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಸ್ ನೆಲೆಯೂರುವುದು ಹೆಚ್ಚಾಗಿ ಈ ಬದಲಾಗುವ ಅಂಚಿನಲ್ಲೇ. ಹೆಚ್ಚಿನವರಲ್ಲಿ ಅದು ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಹೊರಟುಹೋಗುತ್ತದೆ. ಉಳಿದುಕೊಂಡರೆ ಜೀವಕೋಶಗಳ ಆಕಾರ, ಸಾಲು ಎಲ್ಲವೂ ಕೆಡತೊಡಗುತ್ತದೆ. ಈ ಹಂತ ಇನ್ನೂ ಕ್ಯಾನ್ಸರ್ ಅಲ್ಲ. ಅಲ್ಲಿಂದ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ 5ರಿಂದ 10 ವರ್ಷ.

ಅಷ್ಟು ದೀರ್ಘ ಅವಧಿ! ಅಷ್ಟೂ ಕಾಲ ನೋವಿಲ್ಲ, ಸ್ರಾವವಿಲ್ಲ. ಹಾಗಾಗಿ ನಾವು ವೈದ್ಯರ ಬಳಿ ಹೋಗುವುದೂ ಇಲ್ಲ.

ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಒಂದು ಅಧ್ಯಯನ ಆರಂಭಿಸಿದರು. ಅದರಲ್ಲಿ 35ರಿಂದ 64 ವರ್ಷದ ಸುಮಾರು ಒಂದೂವರೆ ಲಕ್ಷ ಮಹಿಳೆಯರಿದ್ದರು. ಅರ್ಧದಷ್ಟು ಮಂದಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಗರ್ಭಕಂಠಕ್ಕೆ ವಿನೆಗರ್‌ನಂತಹ ತೆಳು ಅಸಿಟಿಕ್ ಆಮ್ಲ ಹಚ್ಚಿ ಪರೀಕ್ಷಿಸಿದರು. ಕೆಟ್ಟ ಜೀವಕೋಶಗಳಿದ್ದರೆ ಆ ಜಾಗ ಒಂದು ನಿಮಿಷದಲ್ಲಿ ಬೆಳ್ಳಗಾಗುತ್ತದೆ. (ಅಡುಗೆಮನೆಯ ಸಿರ್ಕಾ ಹಿಡಿದು ಮನೆಯಲ್ಲಿ ಮಾಡುವ ಕೆಲಸ ಇದಲ್ಲ.) 12 ವರ್ಷಗಳ ಬಳಿಕ ನೋಡಿದಾಗ ಈ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು ಶೇ. 31ರಷ್ಟು ಕಡಿಮೆಯಾಗಿತ್ತು. ದೊಡ್ಡ ಯಂತ್ರ ಬೇಕಾಗಲಿಲ್ಲ, ಪ್ರಯೋಗಾಲಯವೂ ಬೇಕಾಗಲಿಲ್ಲ.

ಪರೀಕ್ಷೆ ಎಂದೊಡನೆ ನಮ್ಮ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತದೆ. ಒಂದು, 'ಛೇ, ನಾಚಿಕೆ.' ಮುಟ್ಟಿನ ಶುದ್ಧಿಯ ಬಗ್ಗೆಯೂ ಪ್ರವಾದಿಯವರಲ್ಲಿ(ಸ) ಪ್ರಶ್ನೆ ಕೇಳಿದ ಅನ್ಸಾರ್ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಮೆಚ್ಚಿ ಹೊಗಳಿದ್ದರು ಎಂಬುದನ್ನು ನೆನಪಿಸಿಕೊಳ್ಳಿ. ವೈದ್ಯೆಯೇ ಬೇಕೆಂದು ಕೇಳಲು ಸಂಕೋಚ ಬೇಡ. ಇನ್ನೊಂದು, 'ದೈಹಿಕ ಸಂಪರ್ಕದಿಂದ ಹರಡುವ ವೈರಸ್ ಅಂದರೆ ಯಾರದೋ ತಪ್ಪಿರಬೇಕು.' ಈ ಸಂಶಯದಿಂದ ಸಂಸಾರ ಒಡೆಯಬೇಡಿ. ಇದು ಅತ್ಯಂತ ಸಾಮಾನ್ಯ ವೈರಸ್. ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲುದು. ಯಾವಾಗ, ಯಾರಿಂದ ಬಂತೆಂದು ಯಾವ ಪರೀಕ್ಷೆಯೂ ಹೇಳಲಾರದು.

ಕೆಟ್ಟ ಜೀವಕೋಶಗಳು ಮೊದಲೇ ಸಿಕ್ಕಿದರೆ ಆ ಭಾಗವನ್ನಷ್ಟೇ ಹೆಪ್ಪುಗಟ್ಟಿಸಿ, ಸುಟ್ಟು ಅಥವಾ ಕತ್ತರಿಸಿ ತೆಗೆಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಗರ್ಭಕೋಶವನ್ನೇ ತೆಗೆಸುವ ಅಗತ್ಯ ಹೆಚ್ಚಿನವರಿಗೆ ಬರುವುದಿಲ್ಲ. 30 ದಾಟಿದ ವಿವಾಹಿತೆಯರು ಪರೀಕ್ಷೆ ಮಾಡಿಸಿಕೊಳ್ಳಿ. ಮಗಳಿಗೆ 9ರಿಂದ 14 ವರ್ಷದೊಳಗೆ ಲಸಿಕೆ ಕೊಡಿಸಬಹುದು. ಲಸಿಕೆ ಪಡೆದವಳಿಗೂ ಮುಂದೆ ಪರೀಕ್ಷೆ ಬೇಕು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಪತಿಯೊಡನೆ ಕೂಡಿದ ಬಳಿಕ ರಕ್ತ ಹೋದರೆ, ವಾಸನೆಯ ಬಿಳಿಸೆರಗು ನಿಲ್ಲದಿದ್ದರೆ ಪರೀಕ್ಷೆಯ ಸರದಿಗಾಗಿ ಕಾಯದೆ ಅದೇ ವಾರ ಹೋಗಿ.