ಹೊದಿಕೆಯ ಕ್ರಮ: ಜಾನಪದ ಪಠ್ಯ ಸಂರಕ್ಷಣೆ ಮತ್ತು ಪೈಥಾನ್ ಡೆಕೊರೇಟರ್‌ಗಳು

ಜಾನಪದ ಪಠ್ಯದ ಸಂಪಾದನೆಯಲ್ಲಿ ಯಾವ ಕೆಲಸ ಮೊದಲು, ಯಾವುದು ಆನಂತರ ಎಂಬ ಪ್ರಶ್ನೆ ಹಳೆಯದು. ಸಂಗ್ರಹಕಾರ್ಯಕ್ಕೆ ಗಣಕಯಂತ್ರ ಬಂದ ಮೇಲೆ ಅದಕ್ಕೆ ಇನ್ನಷ್ಟು ನಿಖರವಾದ ಉತ್ತರ ಬೇಕಾಗಿದೆ. ಪೈಥಾನ್ ಭಾಷೆಯಲ್ಲಿ ಡೆಕೊರೇಟರ್‌ಗಳನ್ನು ಒಂದರ ಮೇಲೊಂದು ಜೋಡಿಸುವ ವಿಧಾನವನ್ನು ಈ ದೃಷ್ಟಿಯಿಂದ ಇಲ್ಲಿ ವಿವೇಚಿಸಲಾಗಿದೆ.

ಡೆಕೊರೇಟರ್ ಎಂದರೆ ಒಂದು ಫಂಕ್ಷನ್ನನ್ನು ಪಡೆದು, ಅದರ ಒಳಗನ್ನು ತಿದ್ದದೆ, ಸಾಮಾನ್ಯವಾಗಿ ಸುತ್ತ ಹೊದಿಕೆಯೊಂದನ್ನು ಹಾಕಿ ಹಿಂದಿರುಗಿಸುವ ಸಾಧನ. ಇದನ್ನು '@' ಚಿಹ್ನೆಯಿಂದ ಸೂಚಿಸುವ ಕ್ರಮ 2004ರಲ್ಲಿ, ಪೈಥಾನ್ 2.4 ಆವೃತ್ತಿಯೊಂದಿಗೆ ಬಂದಿತು. ಮಂಡ್ಯ ಸೀಮೆಯ ಪೂಜಾ ಕುಣಿತದಲ್ಲಿ ಬಿದಿರಿನ ಚೌಕಟ್ಟಿಗೆ ಸೀರೆ ಉಡಿಸಿ ಸಿಂಗರಿಸುವುದನ್ನು ಇದಕ್ಕೆ ಹೋಲಿಸಬಹುದು: ಚೌಕಟ್ಟು ಅದೇ, ಹೊರಗೆ ಕಾಣುವ ರೂಪ ಬೇರೆ.

ಶ್ರೀರಂಗಪಟ್ಟಣದ ಬಳಿಯ ಬಾಬುರಾಯನಕೊಪ್ಪಲಿನಲ್ಲಿ ಸೋಬಾನೆ ಪದವೊಂದನ್ನು ಧ್ವನಿಮುದ್ರಿಸಿ ಬರಹಕ್ಕಿಳಿಸಿದೆವೆಂದು ಭಾವಿಸೋಣ. ಈ ಸೀಮೆಯ ಆಡುಮಾತಿನಲ್ಲಿ ಪದಾದಿಯ ಹಕಾರ ಲೋಪವಾಗುವುದು ಸಾಮಾನ್ಯ. 'ಹಾಲು' ಎಂಬುದು 'ಆಲು' ಆಗುತ್ತದೆ. 'ಪಠ್ಯ' ಎಂಬ ಫಂಕ್ಷನ್ ಹಾಡಿನ ಸಾಲನ್ನು ಕೊಡಲಿ. 'ತಿದ್ದು' ಎಂಬ ಡೆಕೊರೇಟರ್ ಆ ಸಾಲನ್ನು ಶಿಷ್ಟರೂಪಕ್ಕೆ ತರಲಿ. 'ಉಳಿಸು' ಎಂಬ ಇನ್ನೊಂದು, ತನಗೆ ಬಂದುದನ್ನು ಕಡತದಲ್ಲಿ ದಾಖಲಿಸಿ ಹಾಗೆಯೇ ಮುಂದಕ್ಕೆ ಕೊಡಲಿ. ಪೈಥಾನ್ 3ರಲ್ಲಿ ಇಂತಹ ಕನ್ನಡ ಹೆಸರುಗಳಿಗೂ ಅವಕಾಶವಿದೆ. ಫಂಕ್ಷನ್ನಿನ ತಲೆಯ ಮೇಲೆ ಮೊದಲು @ಉಳಿಸು, ಅದರ ಕೆಳಗೆ @ತಿದ್ದು ಎಂದು ಬರೆದರೆ ಅದರ ಅರ್ಥ ಹೀಗೆ:

ಪಠ್ಯ = ಉಳಿಸು(ತಿದ್ದು(ಪಠ್ಯ))

ಅಂದರೆ ಹೊದಿಕೆಗಳು ಕೆಳಗಿನಿಂದ ಮೇಲಕ್ಕೆ ಬೀಳುತ್ತವೆ. ಕರೆದಾಗ ಕರೆ ಹೊರಗಿನಿಂದ ಒಳಕ್ಕೆ ಹೋಗುತ್ತದೆ. ಫಲ ಒಳಗಿನಿಂದ ಹೊರಕ್ಕೆ ಬರುತ್ತದೆ. ಇಲ್ಲಿ 'ಆಲು' ಮೊದಲು 'ಹಾಲು' ಆಗಿ, ಆಮೇಲೆ ದಾಖಲಾಗುತ್ತದೆ. ಗಾಯಕಿಯ ನುಡಿ ಕಡತಕ್ಕೆ ಸೇರುವುದೇ ಇಲ್ಲ. ಎರಡು ಸಾಲುಗಳನ್ನು ಅದಲುಬದಲು ಮಾಡಿದರೆ 'ಆಲು' ದಾಖಲಾಗಿ ಉಳಿಯುತ್ತದೆ, ಓದುಗನಿಗೆ 'ಹಾಲು' ದೊರೆಯುತ್ತದೆ. ಗಮನಾರ್ಹವೆಂದರೆ, ಯಂತ್ರವು ಎರಡು ಕ್ರಮಗಳಲ್ಲಿ ಯಾವುದನ್ನೂ ದೋಷವೆಂದು ತೋರಿಸುವುದಿಲ್ಲ.

@ಉಳಿಸು("ಬಾಬುರಾಯನಕೊಪ್ಪಲು") ಎಂದು ಊರಿನ ಹೆಸರನ್ನೂ ಕೊಡಬೇಕಾದರೆ ಇನ್ನೊಂದು ಪದರ ಬೇಕು. ಹೊರಗಿನ ಫಂಕ್ಷನ್ ಊರನ್ನು ಪಡೆದು ಡೆಕೊರೇಟರನ್ನು ಕೊಡುತ್ತದೆ. ಆ ಡೆಕೊರೇಟರ್ 'ಪಠ್ಯ'ವನ್ನು ಪಡೆದು ಹೊದಿಕೆಯನ್ನು ಕೊಡುತ್ತದೆ. ಒಳಗಿನ ಹೊದಿಕೆ ಕೆಲಸ ಮಾಡುತ್ತದೆ. ಹೀಗೆ ಮೂರು ಫಂಕ್ಷನ್‌ಗಳು ಒಂದರೊಳಗೊಂದು ಕೂರುತ್ತವೆ.

ಹೊದಿಕೆ ಬಿದ್ದಾಗ ಮೂಲ ಫಂಕ್ಷನ್ನಿನ ಹೆಸರು ಮತ್ತು ವಿವರಣೆ ಮರೆಯಾಗಿ, ಹೊದಿಕೆಯ ಹೆಸರೇ ಮುಂದೆ ಬರುತ್ತದೆ. ಇದನ್ನು ತಡೆಯಲು ಫಂಕ್‌ಟೂಲ್ಸ್ ಮಾಡ್ಯೂಲಿನ 'ರ್‍ಯಾಪ್ಸ್' ಅನ್ನು 2006ರ ಪೈಥಾನ್ 2.5ರಲ್ಲಿ ಸೇರಿಸಲಾಯಿತು. ಪ್ರತಿಯೊಂದು ಪದರದಲ್ಲಿಯೂ ಇದನ್ನು ಬಳಸುವುದು ಅಗತ್ಯ.

ಹಾಡಿದವರ ಹೆಸರಿಗಿಂತ ಸಂಪಾದಕನ ಹೆಸರು ಮುಂದಾಗುವ ಅಪಾಯವನ್ನು ಬಲ್ಲ ಜಾನಪದ ವಿದ್ವಾಂಸರಿಗೆ ಈ ಎಚ್ಚರ ಹೊಸದಲ್ಲ. ಆದುದರಿಂದ ಹೊದಿಕೆಗಳ ಅನುಕ್ರಮವನ್ನು ಕೇವಲ ತಾಂತ್ರಿಕ ವಿವರವೆಂದು ಭಾವಿಸದೆ, ಸಂಪಾದನೆಯ ನಿರ್ಧಾರವೆಂದೇ ಪರಿಗಣಿಸಿ ಸಂಗ್ರಹದ ಪೀಠಿಕೆಯಲ್ಲಿ ದಾಖಲಿಸುವುದು ಉಚಿತ.