ಡೇರೆಯೊಳಗೊಂದು ಚೌಕಾಬಾರ

ದಸರಾ ರಜೆಯಲ್ಲಿ ಮೈಸೂರಿನಿಂದ ಮಕ್ಕಳನ್ನು ಕಟ್ಟಿಕೊಂಡು ಕೊಡಗಿಗೋ ಬಿಳಿಗಿರಿರಂಗನ ಬೆಟ್ಟಕ್ಕೋ ಹೊರಟು, ಡೇರೆಯಲ್ಲಿ ಎರಡು ರಾತ್ರಿ ಕಳೆದು ಬರುವ ಸಂಸಾರಗಳು ಈಗ ಹೆಚ್ಚು. ಟಾರ್ಚು, ಸ್ವೆಟರು, ಸೊಳ್ಳೆ ಮುಲಾಮು, ಕೋಡುಬಳೆ ಡಬ್ಬಿ ಎಲ್ಲವೂ ಚೀಲ ಸೇರುತ್ತವೆ. ಮಳೆಯ ವಿಚಾರ ಮಾತ್ರ ಯಾರಿಗೂ ಹೊಳೆದಿರುವುದಿಲ್ಲ. ಅಕ್ಟೋಬರ್ ಎಂದರೆ ಹಿಂಗಾರಿನ ತಿಂಗಳು. ಜಂಬೂಸವಾರಿಯ ದಿನವೂ ಮುಗಿಲು ನೋಡುತ್ತಾ ಕೂರುವ ಊರಿಗೆ ಇದನ್ನು ಹೇಳಿಕೊಡಬೇಕೆ? ಬೇಸಿಗೆ ರಜೆಯೂ ಅಷ್ಟೆ, ಭರಣಿ ಮಳೆ ಹೇಳಿ ಕೇಳಿ ಬರುವುದಿಲ್ಲ.

ಎರಡನೆಯ ದಿನ ಬೆಳಿಗ್ಗೆ ಮಳೆ ಹಿಡಿಯಿತೆನ್ನಿ. ಕಾಡಿನಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ, ಇದ್ದ ಚಾರ್ಜು ಹತ್ತು ಗಂಟೆಗೇ ಮುಗಿಯಿತು. ಹನ್ನೊಂದಕ್ಕೆ ಅಣ್ಣ ತಂಗಿಯ ಜಡೆ ಎಳೆದಾಗಿದೆ. 'ಸುಮ್ನೆ ಕೂತ್ಕೊಳ್ರೋ' ಎಂದು ಅಪ್ಪ ಗದರುತ್ತಾರೆ. ಆದರೆ ಹತ್ತಡಿ ಬಟ್ಟೆಮನೆಯಲ್ಲಿ ಮಕ್ಕಳು ಸುಮ್ಮನೆ ಕೂರುವುದೆಂದರೇನು?

ಆಟಕ್ಕೆ ಮೊದಲು ಒಂದು ಮಾತು. ಗುಡುಗು, ಮಿಂಚು ಇದ್ದರೆ ಡೇರೆಯಲ್ಲಿ ಇರಲೇಬಾರದು. ಬಟ್ಟೆಯ ಸೂರು ಸಿಡಿಲನ್ನು ತಡೆಯುವುದಿಲ್ಲ, ದೊಡ್ಡ ಮರದ ಬುಡವಂತೂ ಇನ್ನೂ ಅಪಾಯ. ಹತ್ತಿರದ ಕಟ್ಟಡಕ್ಕೋ, ಗಾಜು ಏರಿಸಿದ ಕಾರಿನೊಳಕ್ಕೋ ಮಕ್ಕಳನ್ನು ಸೇರಿಸಬೇಕು. ಕಾವೇರಿ ದಡದ ಮರಳಿನ ಮೇಲೆ ಡೇರೆ ಹೂಡುವುದೂ ಬೇಡ. ಇಲ್ಲಿ ಮಳೆ ನಿಂತಿದ್ದರೂ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ.

ಬರೀ ಜಿಟಿಜಿಟಿ ಮಳೆಯಾದರೆ ಅದಕ್ಕೆ ಮದ್ದು ಮೈಸೂರಿನವರ ಮನೆಯಲ್ಲೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳ ವಿಷಯದಲ್ಲಿ ಮಹಾ ರಸಿಕರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಮೀಸಲಾಗಿರುವುದು ಆಟಗಳಿಗೇ. ದೊರೆಯ ಗ್ರಂಥದಲ್ಲಿ ದೇವತೆಗಳ ಜೊತೆಗೆ ಹಾಸಿನ ಆಟಗಳೂ ಜಾಗ ಪಡೆದಿವೆ ಎಂದು ತಿಳಿದರೆ, 'ಆಟ ಬಿಟ್ಟು ಓದು' ಎನ್ನುವ ಹಿರಿಯರು ಕೊಂಚ ಯೋಚಿಸಬಹುದು. ನಗರದ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು 'ಕ್ರೀಡಾ ಕೌಶಲ್ಯ' ಪ್ರದರ್ಶನಗಳ ಮೂಲಕ ಇಂಥ ಹಾಸು, ಕಾಯಿ, ದಾಳಗಳನ್ನು ಮತ್ತೆ ಜನರ ಕಣ್ಣಿಗೆ ತಂದಿದೆ.

ಅರಮನೆಯ ಆಟ ಹಾಗಿರಲಿ, ಅಜ್ಜಿಯರ ಚೌಕಾಬಾರಕ್ಕೆ ಖರ್ಚೇ ಇಲ್ಲ. ಡೇರೆಯ ನೆಲದ ಮೇಲೆ ಸೀಮೆಸುಣ್ಣ ಹಿಡಿಯುವುದಿಲ್ಲ. ಆದ್ದರಿಂದ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಐದೈದು ಸಾಲಿನ 25 ಮನೆ ಬರೆದು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟುಕೊಂಡರೆ ಸಾಕು. ನಾಲ್ಕು ಬದಿಯ ನಡುಮನೆಗೂ ಮಧ್ಯದ ಮನೆಗೂ ಕತ್ತರಿ ಗುರುತು. ಕಾಯಿಗೆ ಅಂಗಿಯ ಗುಂಡಿ, ಅವರೆಕಾಳು, ಕಡಲೆಕಾಳು. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜಗಳನ್ನು ಒಂದು ಮಗ್ಗುಲು ಬೆಳ್ಳಗಾಗುವ ತನಕ ಕಲ್ಲಿಗೆ ತೇಯ್ದುಕೊಳ್ಳಬೇಕು. ಈ ತೇಯುವ ಕೆಲಸವೇ ಮಕ್ಕಳಿಗೆ ಅರ್ಧ ಗಂಟೆಯ ಸಂಭ್ರಮ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು. ಒಂದು ಹೊಡೆಯದೆ ಒಳಸುತ್ತಿಗೆ ಹೋಗಬಹುದೇ, ಜೋಡಿ ಕಾಯಿಯನ್ನು ಕಡಿಯಬಹುದೇ ಎಂಬುದಕ್ಕೆ ಮನೆಗೊಂದು ಕಾನೂನು. ಬೀಜ ಎಸೆಯುವ ಮೊದಲೇ ಇತ್ಯರ್ಥವಾಗಲಿ, ಇಲ್ಲದಿದ್ದರೆ ಮತ್ತೆ ಜಡೆಯ ಜಗಳವೇ.

ಎಂಟನೆಯ, ಒಂಬತ್ತನೆಯ ತರಗತಿಯವರು 'ಇದು ಚಿಕ್ಕವರ ಆಟ' ಎಂದು ಮೂಗು ಮುರಿದರೆ, ನೂರು ಸಲ ಬೀಜ ಎಸೆದು ಯಾವ ಸಂಖ್ಯೆ ಎಷ್ಟು ಸಲ ಬಿತ್ತೆಂದು ಗೀಟು ಹಾಕಲು ಹೇಳಿ. ಬೀಜ ಬಿಳಿಗೂ ಕಪ್ಪಿಗೂ ಸಮನಾಗಿ ಬೀಳುವುದಾದರೆ 16 ಬಗೆಗಳಲ್ಲಿ 'ಎರಡು' ಬೀಳುವುದು ಆರು ಬಗೆ, ಚೌಕ ಮತ್ತು ಬಾರ ತಲಾ ಒಂದೇ ಬಗೆ. ಬಾರ ಬಿದ್ದಾಗ ಅಜ್ಜಿ ಅಷ್ಟು ಹಿಗ್ಗುತ್ತಿದ್ದುದು ಸುಮ್ಮನೆ ಅಲ್ಲ.

ತೀರ ಪುಟ್ಟವರಿಗೆ ಅಳಿಗುಳಿಮಣೆ ವಾಸಿ. ಮಣೆ ಹೊರುವ ಅಗತ್ಯವಿಲ್ಲ, ಹಾಳೆಯ ಮೇಲೆ ಹದಿನಾಲ್ಕು ಸುತ್ತು ಗೀಚಿದರಾಯಿತು. ಹುಲಿ-ಕುರಿಗೆ 23 ಬಿಂದು, ಮೂರು ಹುಲಿ, ಹದಿನೈದು ಕುರಿ. ಅಪ್ಪ ಹುಲಿ ಹಿಡಿದು, ಮಕ್ಕಳಿಬ್ಬರೂ ಸೇರಿ ಕುರಿ ನಡೆಸಿದರೆ ಬೆಳಗಿನ ಜಗಳ ತಾನಾಗಿಯೇ ಮರೆಯುತ್ತದೆ. ಆದರೆ ಅಪ್ಪ ಬೇಕೆಂದೇ ಸೋಲಬಾರದು. ಮಕ್ಕಳಿಗೆ ಅದು ಕೂಡಲೇ ಗೊತ್ತಾಗಿಬಿಡುತ್ತದೆ.

ಸಂಜೆಗೂ ಮಳೆ ಬಿಡದಿದ್ದರೆ ಮುಮ್ಮಡಿಯವರಿಗೆ ಬಲು ಪ್ರಿಯವಾಗಿದ್ದ ಕುದುರೆ ನಡೆ ಇದ್ದೇ ಇದೆ. ಚದುರಂಗದ ಕುದುರೆಯಂತೆ ಹಾರುತ್ತಾ ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮುಟ್ಟಬೇಕು. ಅವರದು 64 ಮನೆ, ಚೌಕಾಬಾರದ್ದು 25. ಮೂಲೆಯಿಂದ ಹೊರಟರೆ ಆಗುತ್ತದೆ. ಮೂಲೆಯ ಪಕ್ಕದ ಮನೆಯಿಂದ ಹೊರಟರೆ ಎಷ್ಟು ಹೆಣಗಿದರೂ ಆಗದು. ಮನೆಗಳಿಗೆ ಚದುರಂಗದಂತೆ ಕಪ್ಪು ಬಿಳುಪು ತುಂಬಿ ಎಣಿಸಿದರೆ ಕಾರಣ ಸಿಗುತ್ತದೆ: ಒಂದು ಬಣ್ಣ ಹದಿಮೂರು, ಇನ್ನೊಂದು ಹನ್ನೆರಡು, ಕುದುರೆಯೋ ಪ್ರತಿ ನೆಗೆತಕ್ಕೂ ಬಣ್ಣ ಬದಲಿಸುತ್ತದೆ. ಅಮ್ಮ ಅಪ್ಪ ಇದನ್ನು ಓದಿಕೊಂಡಿರಲಿ, ಮಕ್ಕಳ ಮುಂದೆ ಮಾತ್ರ ಬಾಯಿ ಬಿಡುವುದು ಬೇಡ.